ಟೆಲಿಮೆಡಿಸಿನ್ ಕಥೆ: ರೋಗಿಯ ಪಕ್ಕ ಕೂತಿದ್ದವರು ಯಾರು?

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನ ಸ್ವಲ್ಪ ತಿದ್ದಿ, ಓದೋಕೆ ಅನುಕೂಲ ಆಗೋ ಹಾಗೆ ಇಲ್ಲಿ ಹಾಕ್ತಿದ್ದೀನಿ. ನೀವು ಪುಣೆಯಲ್ಲಿರಿ, ಹೈದರಾಬಾದಲ್ಲಿರಿ, ಚೆನ್ನೈಯಲ್ಲಿರಿ, ನಮ್ಮಲ್ಲಿ ಬಹಳ ಜನರ ಪಾಲಿಗೆ ಒಂದು ಕೆಲಸ ಬಂದೇ ಬರುತ್ತೆ. ಊರಲ್ಲಿರೋ ಅಪ್ಪ ಅಮ್ಮನಿಗೆ ಇಲ್ಲಿಂದಲೇ ಆ್ಯಪ್‌ನಲ್ಲಿ ಡಾಕ್ಟರ್ ಬುಕ್ ಮಾಡಿ, ಅವರನ್ನ ಆನ್‌ಲೈನ್ ಕನ್ಸಲ್ಟೇಶನ್‌ಗೆ ಕೂರಿಸೋದು.

ಇದೆಲ್ಲ ಕೋವಿಡ್ ಬಂದಮೇಲೆ ಹುಟ್ಟಿದ್ದು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಹಾಗಲ್ಲ, ಇದಕ್ಕೆ ನೂರು ವರ್ಷ ದಾಟಿದ ಇತಿಹಾಸ ಇದೆ. ಆ ಇತಿಹಾಸ ಓದುವಾಗ ನಾನು ಸಾಫ್ಟ್‌ವೇರಿನವನಾಗಿ ಯಂತ್ರಗಳನ್ನ ಹುಡುಕ್ತಾ ಹೋದೆ. ಕೊನೆಗೆ ನನ್ನ ಗಮನ ಸೆಳೆದದ್ದು ಯಂತ್ರದ ಪಕ್ಕ, ರೋಗಿಯ ಹತ್ತಿರ ಕೂತಿದ್ದ ಮನುಷ್ಯ. ಇವತ್ತಿನ ಮಾತು ಅವರ ಬಗ್ಗೆ.

ಮೊದಲ ನಿಲ್ದಾಣ ನೆದರ್‌ಲ್ಯಾಂಡ್ಸ್‌ನ ಲೈಡನ್ ಊರು, 1905. ಇಸಿಜಿ ಯಂತ್ರ ಕಂಡುಹಿಡಿದ ವಿಲ್ಲೆಮ್ ಐಂಟ್‌ಹೋವೆನ್ ಅವರ ಪ್ರಯೋಗಾಲಯ ಒಂದು ಕಡೆ, ರೋಗಿಗಳಿದ್ದ ಆಸ್ಪತ್ರೆ ಸುಮಾರು ಒಂದೂವರೆ ಕಿಲೋಮೀಟರ್ ದೂರ. ಅಷ್ಟು ದೊಡ್ಡ ಯಂತ್ರವನ್ನ ಹೊತ್ತುಕೊಂಡು ಹೋಗೋ ಹಾಗಿರಲಿಲ್ಲ. ಅದಕ್ಕೆ ಟೆಲಿಫೋನ್ ತಂತಿಯಲ್ಲೇ ರೋಗಿಯ ಹೃದಯದ ಸಂಕೇತವನ್ನ ಪ್ರಯೋಗಾಲಯಕ್ಕೆ ತರಿಸಿಕೊಂಡರು. ಇಲ್ಲಿ ಭಾಷೆಯ ಸಮಸ್ಯೆಯೇ ಇಲ್ಲ ನೋಡಿ. ಇಸಿಜಿಯ ಗೆರೆಗೆ ಡಚ್ಚೂ ಇಲ್ಲ, ಕನ್ನಡವೂ ಇಲ್ಲ. ಆದರೆ "ಎಲ್ಲಿ ನೋವು, ಯಾವಾಗಿಂದ, ಹೇಗಾಗುತ್ತೆ" ಅಂತ ಕೇಳೋಕೆ ಶುರು ಮಾಡಿದ ತಕ್ಷಣ ಮಾತು ಬೇಕಾಗುತ್ತೆ.

ಆ ತೊಂದರೆ ಸರಿಯಾಗಿ ಕಾಣಿಸೋದು ಆಸ್ಟ್ರೇಲಿಯಾದಲ್ಲಿ. 1928ರಲ್ಲಿ ಅಲ್ಲಿ ವಿಮಾನದಲ್ಲಿ ಹಾರಿ ಹೋಗೋ ವೈದ್ಯರ ಸೇವೆ ಶುರುವಾಯ್ತು. ಮರುವರ್ಷ ಆಲ್ಫ್ರೆಡ್ ಟ್ರೇಗರ್ ಅನ್ನೋ ಎಂಜಿನಿಯರ್ ಕಾಲಲ್ಲಿ ಪೆಡಲ್ ತುಳಿದು ಕರೆಂಟ್ ಮಾಡಿಕೊಳ್ಳೋ ರೇಡಿಯೋ ತಯಾರಿಸಿದರು. ನೂರಾರು ಮೈಲಿ ದೂರದ ಒಂಟಿ ಮನೆಯವರೂ ಡಾಕ್ಟರ ಜೊತೆ ಮಾತಾಡಬಹುದಾಯ್ತು. ಆದರೆ ಗರಗರ ಅನ್ನೋ ರೇಡಿಯೋದಲ್ಲಿ ಔಷಧಿ ಹೆಸರು ಹೇಳಿದರೆ ಯಾರಿಗೆ ಅರ್ಥ ಆಗಬೇಕು? ಅದಕ್ಕೆ ಮನೆಮನೆಗೆ ಒಂದು ಔಷಧಿ ಪೆಟ್ಟಿಗೆ ಕೊಟ್ಟರು, ಪ್ರತಿ ಔಷಧಿಗೂ ಒಂದು ನಂಬರ್. ಮನುಷ್ಯನ ಮೈಯ ಚಿತ್ರದ ಮೇಲೂ ನಂಬರ್ ಬರೆದು ಕೊಟ್ಟರು. ನೋವು ಇಂಥ ನಂಬರಿನ ಹತ್ತಿರ ಅಂತ ಈ ಕಡೆಯವರು ಹೇಳೋದು, ಇಂಥ ನಂಬರಿನ ಮಾತ್ರೆ ಕೊಡಿ ಅಂತ ಆ ಕಡೆಯಿಂದ ಡಾಕ್ಟರು ಹೇಳೋದು. ನನ್ನ ಪ್ರಕಾರ ಟೆಲಿಮೆಡಿಸಿನ್‌ನಲ್ಲಿ ಇಷ್ಟು ಚೆನ್ನಾದ ಯೂಸರ್ ಇಂಟರ್‌ಫೇಸ್ ಇನ್ನೊಂದಿಲ್ಲ. ಬಳಸೋರಿಗೆ ಏನು ಗೊತ್ತಿದೆ ಅನ್ನೋದರಿಂದ ಅದು ಶುರುವಾಗುತ್ತೆ.

ಇನ್ನು ಅಮೆರಿಕಕ್ಕೆ ಬರೋಣ. 1970ರ ದಶಕದಲ್ಲಿ ನಾಸಾಗೆ ಒಂದು ಚಿಂತೆ ಇತ್ತು: ಬಾಹ್ಯಾಕಾಶದಲ್ಲಿರೋರಿಗೆ ಕಾಯಿಲೆ ಬಂದರೆ ಭೂಮಿಯಿಂದ ಚಿಕಿತ್ಸೆ ಹೇಗೆ? ಅದನ್ನ ಭೂಮಿ ಮೇಲೇ ಪರೀಕ್ಷೆ ಮಾಡೋಕೆ ಆರಿಸಿಕೊಂಡ ಜಾಗ ಅರಿಜೋನಾ ಮರುಭೂಮಿಯ ಪಾಪಗೋ ಬುಡಕಟ್ಟಿನ ಮೀಸಲು ಪ್ರದೇಶ. ಈ ಜನ 1986ರಲ್ಲಿ ತಮ್ಮ ಅಧಿಕೃತ ಹೆಸರನ್ನ ಟೊಹೊನೊ ಓಡಮ್ ಅಂತ ಬದಲಾಯಿಸಿಕೊಂಡರು. ಯೋಜನೆಯ ಹೆಸರು ಸ್ಟಾರ್‌ಪಾಕ್. ಎಕ್ಸ್‌ರೇ, ಇಸಿಜಿ ಎಲ್ಲ ಇರೋ ಒಂದು ವ್ಯಾನ್ ಹಳ್ಳಿಗಳಿಗೆ ಹೋಗ್ತಿತ್ತು. ಮೈಕ್ರೋವೇವ್ ಸಂಪರ್ಕದಲ್ಲಿ ಚಿತ್ರ, ಧ್ವನಿ ದೂರದ ಆಸ್ಪತ್ರೆಗೆ ಹೋಗ್ತಿತ್ತು. ಈ ಯಂತ್ರಗಳ ಬಗ್ಗೆ ಎಲ್ಲರೂ ಬರೀತಾರೆ. ನನಗೆ ಮುಖ್ಯ ಅನ್ನಿಸಿದ್ದು ಬೇರೆ: ವ್ಯಾನಿನಲ್ಲಿದ್ದ ಇಬ್ಬರು ಆರೋಗ್ಯ ಸಿಬ್ಬಂದಿ ಅಮೆರಿಕದ ಮೂಲನಿವಾಸಿಗಳೇ. ಕ್ಯಾಮೆರಾ ಹಿಡಿಯೋದು, ಪರೀಕ್ಷೆ ಮಾಡೋದು, ಆ ಕಡೆಯ ಡಾಕ್ಟರ ಜೊತೆ ಮಾತಾಡೋದು ಅವರ ಕೆಲಸ. ರೋಗಿ ಒಬ್ಬರೇ ಪರದೆ ಮುಂದೆ ಕೂತು ಒದ್ದಾಡಬೇಕಿರಲಿಲ್ಲ. 1977ರ ಹೊತ್ತಿಗೆ ಯೋಜನೆ ಮುಗಿದುಹೋಯ್ತು.

ಈಗ ನಮ್ಮ ಕಡೆ. 2000ದ ಮಾರ್ಚ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲೆಯ ಅರಗೊಂಡ ಅನ್ನೋ ಹಳ್ಳಿಯ ಟೆಲಿಮೆಡಿಸಿನ್ ಕೇಂದ್ರಕ್ಕೆ, ಭಾರತಕ್ಕೆ ಬಂದಿದ್ದ ಬಿಲ್ ಕ್ಲಿಂಟನ್ ಚಾಲನೆ ಕೊಟ್ಟರು. 2002ರಲ್ಲಿ ಕರ್ನಾಟಕದ ಸರದಿ. ಇಸ್ರೋದ ಉಪಗ್ರಹ ಸಂಪರ್ಕದಿಂದ ಬೆಂಗಳೂರಿನ ನಾರಾಯಣ ಹೃದಯಾಲಯವನ್ನ ಚಾಮರಾಜನಗರದ ಜಿಲ್ಲಾಸ್ಪತ್ರೆಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಿಸಿದರು. ಸರಗೂರು ಆಗ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿತ್ತು. ಜೇನುಕುರುಬರು, ಬೆಟ್ಟಕುರುಬರು, ಯರವರು ಇರೋ ಹಾಡಿಗಳ ಸೀಮೆ ಅದು. ಕರ್ನಾಟಕದೊಳಗೇ ಇದ್ದರೂ ಎಲ್ಲರ ಮನೆಮಾತು ನಮ್ಮ ಪಠ್ಯಪುಸ್ತಕದ ಕನ್ನಡ ಅಲ್ಲ. ಸಂಪರ್ಕ ಇದ್ದದ್ದು ಆಸ್ಪತ್ರೆಯಿಂದ ಆಸ್ಪತ್ರೆಗೆ. ಅಂದ್ರೆ ಎದೆನೋವು ಅಂತ ಬಂದ ಮನುಷ್ಯ ಎದುರು ನೋಡ್ತಿದ್ದದ್ದು ಸ್ಥಳೀಯ ಡಾಕ್ಟರು, ನರ್ಸುಗಳನ್ನ. ಬೆಂಗಳೂರಿನ ಹೃದ್ರೋಗ ತಜ್ಞರು ಪರದೆಯ ಆ ಕಡೆ.

2020ಕ್ಕೆ ಈ ಚಿತ್ರ ಪೂರ್ತಿ ಬದಲಾಯ್ತು. ಲಾಕ್‌ಡೌನ್ ಶುರುವಾದ ಮಾರ್ಚ್ 25ರಂದೇ ಕೇಂದ್ರ ಸರ್ಕಾರದ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ನೋಂದಾಯಿತ ವೈದ್ಯರು ದೇಶದ ಯಾವುದೇ ಭಾಗದ ರೋಗಿಗೆ ಸಲಹೆ ಕೊಡಬಹುದು ಅಂತ ಅದರಲ್ಲಿದೆ. ಒಂದೇ ವಾಕ್ಯದಲ್ಲಿ ರಾಜ್ಯಗಳ ಗಡಿ ಹೋಯ್ತು. ಭಾಷೆಯ ಗಡಿ ಹಾಗೆ ಹೋಗೋದಲ್ಲ. ಇನ್ನೊಂದು ಸಣ್ಣ ನಿಯಮ ಗಮನಿಸಿ. ಪ್ಯಾರಾಸಿಟಮಾಲ್, ಓಆರ್‌ಎಸ್ ತರಹದ ಔಷಧಿಗಳು ಲಿಸ್ಟ್ ಓ, ಬರೀ ಫೋನಲ್ಲೂ ಹೇಳಬಹುದು. ಲಿಸ್ಟ್ ಎ ಔಷಧಿಗಳನ್ನ ಮೊದಲ ಸಲ ಬರೆದುಕೊಡೋಕೆ ವಿಡಿಯೋ ಬೇಕು. ಸುರಕ್ಷತೆಗೆ ಮಾಡಿದ ನಿಯಮ, ತಪ್ಪು ಅಂತ ನಾನು ಹೇಳಲ್ಲ. ಆದರೆ ಬಟನ್ ಫೋನ್ ಇಟ್ಟುಕೊಂಡಿರೋ ಅಜ್ಜಿಗೆ ಮೊದಲ ಸಲ ಸಿಗೋದು ಎಷ್ಟು, ಲೆಕ್ಕ ಹಾಕಿ.

ಆ್ಯಪ್‌ಗಳು ಬಂದಾಗ ಇನ್ನೂ ಒಂದು ಬದಲಾವಣೆ ಸದ್ದಿಲ್ಲದೆ ಆಯ್ತು. ವ್ಯಾನಿನ ಸಿಬ್ಬಂದಿ, ಸರಗೂರಿನ ನರ್ಸು ಕೂರ್ತಿದ್ದ ಜಾಗ ಖಾಲಿಯಾಯ್ತು. ಆ ಜಾಗದಲ್ಲಿ ಈಗ ಕೂತಿರೋರು ಯಾರು? ನಾವು. ಅದೂ ಐನೂರು ಕಿಲೋಮೀಟರ್ ದೂರದಿಂದ.

ನನ್ನ ಅನುಭವ ಹೇಳ್ತೀನಿ. ನಮ್ಮವ್ವ ಇರೋದು ಗದಗದ ಕಡೆ ಹಳ್ಳಿಯಲ್ಲಿ, ಸಕ್ಕರೆ ಕಾಯಿಲೆ ಇದೆ. ಒಂದು ಸಲ ಆ್ಯಪ್‌ನಲ್ಲಿ ಸಿಕ್ಕಿದ ಡಾಕ್ಟರಿಗೆ ಹಿಂದಿ, ಇಂಗ್ಲಿಷ್ ಮಾತ್ರ ಬರ್ತಿತ್ತು. ನಾನು ಪುಣೆಯಿಂದ ಕಾಲ್‌ಗೆ ಸೇರಿಕೊಂಡೆ. ಅವ್ವ ಅಂದದ್ದು, "ಜೀವಕ್ಕ ಒಂಥರಾ ಆಗ್ತೈತಿ, ಕಾಲು ಜೋಮು ಹಿಡೀತಾವು." ಜೋಮಿಗೆ ಹಿಂದಿಯಲ್ಲಿ ಏನಂತಾರೆ? ಇರುವೆ ಹರಿದ ಹಾಗೆ, ಮರಗಟ್ಟಿದ ಹಾಗೆ ಅಂತ ಸುತ್ತಿಬಳಸಿ ಹೇಳಿದೆ. ಪುಣ್ಯಕ್ಕೆ ಡಾಕ್ಟರು ತಾಳ್ಮೆಯಿಂದ ಕೇಳಿ, ಸಕ್ಕರೆ ಕಾಯಿಲೆ ಇರೋರಿಗೆ ಇದು ಮುಖ್ಯ ಅಂತ ಬರಕೊಂಡರು. "ಜೀವಕ್ಕೆ ಒಂಥರಾ" ಅನ್ನೋದಕ್ಕೆ ಮಾತ್ರ ನನ್ನ ಹತ್ತಿರ ಯಾವ ಭಾಷೆಯಲ್ಲೂ ಪದ ಇರಲಿಲ್ಲ.

ಆಮೇಲೆ ಡಾಕ್ಟರು ಮೂತ್ರದ ತೊಂದರೆ ಏನಾದರೂ ಇದೆಯಾ ಅಂತ ಕೇಳಿದರು. ನಾನು ಕೇಳಿದೆ. ಅವ್ವ "ಏನಿಲ್ಲ ಬಿಡೋ ಯಪ್ಪಾ" ಅಂದಳು. ಅವತ್ತು ರಾತ್ರಿ ನನ್ನ ಹೆಂಡತಿಗೆ ಫೋನಿನಲ್ಲಿ ಹೇಳಿದ್ದು ಬೇರೆ: ಎರಡು ವಾರದಿಂದ ಉರಿ, ತುರಿಕೆ. ಮಗನ ಬಾಯಿಂದ ಪರ ಗಂಡಸಿಗೆ ಅದನ್ನ ಹೇಳಿಸೋದು ಅವಳಿಗೆ ಹೇಗೆ ಸಾಧ್ಯ? ಮರುದಿನ ಹೆಂಡತಿ ಕೂತು ಮಾತಾಡಿಸಿದಳು, ನಾನು ಕಾಲ್‌ನಲ್ಲೇ ಇರಲಿಲ್ಲ. ಮೂತ್ರ ಪರೀಕ್ಷೆ, ಔಷಧಿ ಎರಡೂ ಆಯ್ತು. ನೆಟ್‌ವರ್ಕ್, ಸ್ಮಾರ್ಟ್‌ಫೋನ್ ಎಲ್ಲ ಎರಡೂ ದಿನ ಒಂದೇ. ಬದಲಾದದ್ದು ಮಧ್ಯದಲ್ಲಿದ್ದ ಮನುಷ್ಯ.

ಸರ್ಕಾರದ ಕೆಲವು ವ್ಯವಸ್ಥೆಗಳು ಈ ಪಾಠ ಕಲಿತಿವೆ. ಮೊಹಾಲಿಯ ಸಿ-ಡ್ಯಾಕ್ ತಯಾರಿಸಿದ ಇ-ಸಂಜೀವಿನಿಯಲ್ಲಿ ಎರಡು ದಾರಿ ಇದೆ. ಒಂದು, ಮನೆಯಿಂದಲೇ ಡಾಕ್ಟರನ್ನ ಕಾಣೋದು. ಇನ್ನೊಂದು, ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಹೋಗೋದು. ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ಬಿಪಿ ನೋಡಿ, ಮಾತು ಕೇಳಿ, ದೂರದ ಡಾಕ್ಟರಿಗೆ ಸಂಪರ್ಕ ಮಾಡಿಕೊಡ್ತಾರೆ. ಅಜ್ಜಿಯ ಹತ್ತಿರ ಸ್ಮಾರ್ಟ್‌ಫೋನ್ ಬೇಕಿಲ್ಲ. ಹಾಗೇ ಮಾನಸಿಕ ಆರೋಗ್ಯಕ್ಕೆ 2022ರ ಅಕ್ಟೋಬರ್ 10ರಂದು ಟೆಲಿ-ಮನಸ್ ಶುರುವಾಯ್ತು. ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್, ತಾಂತ್ರಿಕ ನೆರವು ಬೆಂಗಳೂರಿನ ಐಐಐಟಿಯದ್ದು. 14416ಕ್ಕೆ ಫೋನ್ ಮಾಡಿ ಭಾಷೆ ಆರಿಸಿಕೊಳ್ಳಬಹುದು, 20 ಭಾಷೆಗಳಲ್ಲಿ ಕನ್ನಡವೂ ಇದೆ. ಪರಊರಲ್ಲಿರೋ ನಮಗೂ ಇದು ಬೇಕು. ಆಫೀಸಿನಲ್ಲಿ ಇಂಗ್ಲಿಷ್, ಅಂಗಡಿಯಲ್ಲಿ ಹಿಂದಿ ನಡೆಯುತ್ತೆ. ಮನಸ್ಸು ಕುಸಿದಾಗ ಬಾಯಿಗೆ ಬರೋದು ಮನೆಮಾತೇ.

ಹಾಗಾದ್ರೆ ನಾವೇನು ಮಾಡಬೇಕು? ಮುಂದಿನ ಸಲ ಬುಕ್ ಮಾಡುವಾಗ ಅನುಭವ, ರೇಟಿಂಗ್ ಜೊತೆ ಡಾಕ್ಟರಿಗೆ ಬರೋ ಭಾಷೆಯನ್ನೂ ನೋಡಿ. ಕಾಲ್ ಸಮಯಕ್ಕೆ ಅಕ್ಕನೋ, ಅತ್ತಿಗೆಯೋ, ಪಕ್ಕದ ಮನೆಯವರೋ, ಅವರು ನಾಚಿಕೆಯಿಲ್ಲದೆ ಮಾತಾಡೋ ಯಾರಾದರೂ ಪಕ್ಕದಲ್ಲಿರಲಿ. ಕಾಲ್‌ಗೆ ಮುಂಚೆ ಅವರು ಬಳಸಿದ ಮಾತನ್ನೇ ಬರೆದಿಟ್ಟುಕೊಳ್ಳಿ, ಸಂಕಟ ಅಂದರೆ ಸಂಕಟ ಅಂತಲೇ. ಮಧ್ಯೆ ಐದು ನಿಮಿಷ ನೀವು ಕಾಲ್‌ನಿಂದ ಹೊರಗಿರಿ. ಇನ್ನು ನಮ್ಮಲ್ಲಿ ಎಷ್ಟೋ ಜನ ಇಂಥ ಆ್ಯಪ್‌ಗಳನ್ನ ಬರೆಯೋರೇ. ಭಾಷೆಯ ಆಯ್ಕೆ, ಜೊತೆಗಾರರಿಗೆ ಒಂದು ಜಾಗ, ಇವನ್ನ ಬ್ಯಾಕ್‌ಲಾಗ್‌ನ ತಳಕ್ಕೆ ತಳ್ಳಬೇಡಿ.

ನಿಮ್ಮೂರ ಕಡೆ ಮೈಗೆ ಆಗೋದನ್ನ ಹೇಳೋಕೆ ಯಾವ ಯಾವ ಮಾತಿದೆ, ಕಾಮೆಂಟಲ್ಲಿ ಬರೀರಿ. ಜೋಮು, ಸೆಳೆತ, ತೊಳಸು, ಕಸಿವಿಸಿ, ಎಲ್ಲ ಬರಲಿ. ಹಿಂದಿ, ಮರಾಠಿ, ತೆಲುಗು, ತಮಿಳಲ್ಲಿ ಅದಕ್ಕೆ ಏನಂತಾರೆ ಅನ್ನೋದೂ ಗೊತ್ತಿದ್ದರೆ ಸೇರಿಸಿ. ಎಲ್ಲ ಒಟ್ಟು ಮಾಡಿ ಒಂದು ಪಟ್ಟಿ ಹಾಕ್ತೀನಿ, ಯಾರಿಗಾದರೂ ಉಪಯೋಗಕ್ಕೆ ಬರುತ್ತೆ. ಮುಂದಿನ ವಾರ ಸಿಗೋಣ.