ಕೆಂಪು ಪೆನ್ನು ಕೆಳಗಿಟ್ಟ ಏಪ್ರಿಲ್ (ಭಾಗ 4)

ಭಟ್ಕಳ, ಹೊನ್ನಾವರ, ಕುಮಟಾ ಕಡೆ ನಿಮಗೆ 2016ರ ಸೆಕೆಂಡ್ ಪಿಯು ಬ್ಯಾಚಿನ ಅಣ್ಣನೋ ಅಕ್ಕನೋ ಇದ್ರೆ ಕೇಳಿ ನೋಡಿ. ಮೊದಲು ಕೆಮಿಸ್ಟ್ರಿ ಕಥೆ ಹೇಳ್ತಾರೆ. ಮಾರ್ಚ್ 21ರ ಪತ್ರಿಕೆ ಲೀಕ್, 31ರ ಮರುಪರೀಕ್ಷೆಯದ್ದೂ ಲೀಕ್, ಕೊನೆಗೆ ಏಪ್ರಿಲ್ 12ಕ್ಕೆ ಪರೀಕ್ಷೆ. ಆದ್ರೆ ಅದೇ ಏಪ್ರಿಲ್‌ನಲ್ಲಿ ಇನ್ನೊಂದು ನಡೀತು. ಬರೆದಿಟ್ಟ ಪೇಪರ್ ತಿದ್ದೋಕೆ ಉಪನ್ಯಾಸಕರು ಹೋಗಲಿಲ್ಲ.

ಜಗಳ ಸಂಬಳದ್ದು. ನಮ್ಮ ಕಡೆ ಎಷ್ಟೋ ಕಡೆ ಪಿಯು, ಡಿಗ್ರಿ ಎರಡೂ ಒಂದೇ ಕಂಪೌಂಡಲ್ಲಿ ಇರ್ತವೆ ಅಲ್ವಾ? ಡಿಗ್ರಿಯವರಿಗೆ ಯುಜಿಸಿ ವೇತನ, ಪಿಯುನವರಿಗೆ ರಾಜ್ಯದ ವೇತನ. ಈ ತಾರತಮ್ಯ ಸರಿಮಾಡಿ ಅಂತ ಐಎಎಸ್ ಅಧಿಕಾರಿ ಜಿ. ಕುಮಾರ್ ನಾಯಕ್ ವರದಿ ಕೊಟ್ಟಿದ್ರು (ಹೌದು, 2024ರಲ್ಲಿ ರಾಯಚೂರಿನ ಸಂಸದರಾದವರೇ). ವರದಿ ಫೈಲಲ್ಲೇ ಉಳೀತು. ಆ ವರದಿ ಕೊಟ್ಟ ಕಾಲಕ್ಕೆ ಶಿಕ್ಷಣ ಸಚಿವರು ನಮ್ಮ ಜಿಲ್ಲೆಯವರೇ, ಕಾಗೇರಿ. 2016ರ ಹೊತ್ತಿಗೆ ಆ ಕುರ್ಚಿಯಲ್ಲಿ ಕಿಮ್ಮನೆ ರತ್ನಾಕರ್. ಸರ್ಕಾರ ಬದಲಾದ್ರೂ ಬಾಕಿ ಬಾಕಿಯೇ. ನಮ್ಮ ಬಿಕಾಂ ಭಾಷೇಲಿ ಔಟ್‌ಸ್ಟ್ಯಾಂಡಿಂಗ್ ಎಕ್ಸ್‌ಪೆನ್ಸ್!

ಪಾಠ ನಿಲ್ಲಿಸಿದ್ರೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ, ಆಮೇಲೆ ಸ್ಪೆಷಲ್ ಕ್ಲಾಸ್ ಇಟ್ಟು ಮುಗಿಸ್ತಾರೆ. ಮೌಲ್ಯಮಾಪನ ಹಾಗಲ್ಲ. ಫಿಸಿಕ್ಸ್ ಪೇಪರನ್ನ ಫಿಸಿಕ್ಸ್ ಪಾಠ ಮಾಡಿದವರೇ ತಿದ್ದಬೇಕು, ಅದೂ ಊರು ಬಿಟ್ಟು ಮೌಲ್ಯಮಾಪನ ಕೇಂದ್ರಕ್ಕೆ ಹೋಗಿ. ಮೇಲಾಗಿ ಆಗ ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅರ್ಧ, ಪಿಯು ಅಂಕ ಇನ್ನರ್ಧ. ಅಂಕ ಬರದೇ ರ‍್ಯಾಂಕ್ ಇಲ್ಲ. ಇದು ಸಂಘಕ್ಕೂ ಗೊತ್ತಿತ್ತು, ಇಲಾಖೆಗೂ ಗೊತ್ತಿತ್ತು. ಅದಕ್ಕೇ ಎಸ್ಮಾ ಹಾಕ್ತೀವಿ ಅನ್ನೋ ಎಚ್ಚರಿಕೆ ಬಂದಿದ್ದು.

ಬೇಡಿಕೆ ನ್ಯಾಯವಾದದ್ದೇ ಅಂತ ನನಗನ್ಸುತ್ತೆ. ಆದ್ರೆ ಕಾದವರು ಯಾರು ಅಂತಾನೂ ನೋಡಿ. ಆರು ಲಕ್ಷಕ್ಕೂ ಹೆಚ್ಚು ಮಕ್ಕಳು. ಕಾಮರ್ಸ್‌ನವರಿಗೆ ಕೆಮಿಸ್ಟ್ರಿ ಲೀಕಿಗೂ ಸಂಬಂಧ ಇಲ್ಲ, ಸಿಇಟಿಗೂ ಇಲ್ಲ. ಆದ್ರೂ ಅವರ ಅಕೌಂಟೆನ್ಸಿ ಪೇಪರೂ ಬಂಡಲ್‌ನಲ್ಲೇ ಕೂತಿತ್ತು. ಸಂಬಳದ ಫೈಲ್ ವರ್ಷಗಟ್ಟಲೆ ತಡೆದವರ ಮನೆಗೆ ಈ ಬಿಸಿ ಎಷ್ಟು ತಟ್ಟಿತು?

ಏಪ್ರಿಲ್ ಮುಗಿಯೋ ಮೊದಲೇ ಬಹಿಷ್ಕಾರ ವಾಪಸ್. ವರದಿ ಪೂರ್ತಿ ಜಾರಿ ಆಗದೇನೇ ಉಪನ್ಯಾಸಕರು ಪೆನ್ನು ಹಿಡಿದ್ರು. ರಿಸಲ್ಟ್ ಬಂದಿದ್ದು ಮೇ 25ಕ್ಕೆ. ಹಿಂದಿನ ವರ್ಷ ಮೇ 18, ಮುಂದಿನ ವರ್ಷ ಮೇ 11. ಆ ಬ್ಯಾಚಿನವರು ಯಾರಾದ್ರೂ ಇದನ್ನ ಓದ್ತಿದ್ರೆ, ಆ ಒಂದು ವಾರ ನಿಮಗೆ ಏನು ತಪ್ಪಿಸ್ತು ಅಂತ ಕಾಮೆಂಟಲ್ಲಿ ಬರೀರಿ. ಪೇಪರ್ ತಿದ್ದಿದ ಸರ್, ಮೇಡಂ ಇದ್ರೆ ನೀವೂ ಬರೀರಿ.

#ಭಟ್ಕಳ #ಹೊನ್ನಾವರ #ಕುಮಟಾ #ಸೆಕೆಂಡ್‌ಪಿಯು2016