ಶ್ರುತಿಗೆ ಬಿದ್ದ ಚಪ್ಪಾಳೆ

ಪೀಣ್ಯದ ನನ್ನ ಲೇಥುಗಳ ಸದ್ದನ್ನು ಬಲ್ಲವರು, ನಾನು ರಾಕ್ ಸಂಗೀತದ ಮಾತೆತ್ತಿದರೆ ನಗುತ್ತಾರೆ. ನಗಲಿ. ಇಪ್ಪತ್ತಮೂರರ ಹರೆಯದಲ್ಲಿ, ಯಂತ್ರವಿದ್ಯೆ ಕಲಿಯಲೆಂದು ನ್ಯೂಯಾರ್ಕಿನಲ್ಲಿದ್ದಾಗ, ಆ ಬಗೆಯ ಕೆಲವು ಕಛೇರಿಗಳಿಗೆ ನಾನು ಹೋದದ್ದುಂಟು. ಅವುಗಳಲ್ಲಿ ಒಂದರ ನೆನಪು ಮಾತ್ರ ಇಂದಿಗೂ ಕೆಣಕುತ್ತದೆ.

1971ರ ಆಗಸ್ಟ್ 1, ಭಾನುವಾರ. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಹಿಂದಿನ ನವೆಂಬರಿನ ಚಂಡಮಾರುತಕ್ಕೆ ಜರ್ಝರಿತವಾಗಿದ್ದ ಪೂರ್ವ ಬಂಗಾಳದಿಂದ, ಸೇನೆಯ ಹಿಂಸೆಗೆ ಅಂಜಿ, ಲಕ್ಷಾಂತರ ಜನ ನಮ್ಮ ದೇಶದತ್ತ ನಡೆದುಬರುತ್ತಿದ್ದ ಕಾಲ. ಪಂಡಿತ ರವಿಶಂಕರರು ತಮ್ಮ ಶಿಷ್ಯ, ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ನನಲ್ಲಿ ಸಂಕಟ ತೋಡಿಕೊಂಡರು. ಆತ ಕೆಲವೇ ವಾರಗಳಲ್ಲಿ ಬಾಬ್ ಡಿಲನ್, ಎರಿಕ್ ಕ್ಲ್ಯಾಪ್ಟನ್, ರಿಂಗೋ ಸ್ಟಾರ್ ಮೊದಲಾದವರನ್ನು ಕೂಡಿಸಿದ. ಒಂದೇ ದಿನ ಎರಡು ಪ್ರದರ್ಶನ. ಒಟ್ಟು ಸುಮಾರು 40,000 ಶ್ರೋತೃಗಳು. ನಾನು ಒಂದು ವಾರ ಮಧ್ಯಾಹ್ನದ ಊಟ ಬಿಟ್ಟು ಟಿಕೆಟ್ಟಿನ ಹಣ ಹೊಂದಿಸಿದ್ದೆ.

ಮೊದಲು ಕುಳಿತವರು ನಮ್ಮವರೇ. ರವಿಶಂಕರರ ಸಿತಾರ್, ಅಲಿ ಅಕ್ಬರ್ ಖಾನರ ಸರೋದ್, ಅಲ್ಲಾ ರಖಾರ ತಬಲಾ, ಕಮಲಾ ಚಕ್ರವರ್ತಿಯವರ ತಂಬೂರಿ. ಧೂಮಪಾನ ಬೇಡವೆಂದು ಸಭೆಯನ್ನು ಕೇಳಿಕೊಂಡು ಪಂಡಿತರು ತಂತಿಗಳನ್ನು ಶ್ರುತಿಗೂಡಿಸತೊಡಗಿದರು. ಅದು ಮುಗಿದೊಡನೆ ಸಭೆಯಲ್ಲಿ ಕರತಾಡನ! ಕೋಟೆ ಹೈಸ್ಕೂಲಿನ ರಾಮೋತ್ಸವದ ಚಪ್ಪರದಲ್ಲಿ ಕಿವಿ ತೆರೆದವನು ನಾನು. ಅದು ಬರಿಯ ಶ್ರುತಿಯೆಂದು ನನಗೆ ತಿಳಿಯದೆ? ಆದರೂ, ಅಷ್ಟು ಜನರ ನಡುವೆ ಒಬ್ಬನೇ ಸುಮ್ಮನೆ ಕೂರಲು ಸಂಕೋಚವಾಗಿ, ನಾನೂ ತಟ್ಟಿದೆ. ಶ್ರುತಿಯನ್ನೇ ಇಷ್ಟು ಮೆಚ್ಚಿದವರು ವಾದನವನ್ನು ಇನ್ನೂ ಮೆಚ್ಚಬಹುದು ಎಂಬರ್ಥದ ಮಾತನ್ನು ಪಂಡಿತರು ಸೌಜನ್ಯದಿಂದಲೇ ಆಡಿದರು. ಉಳಿದವರು ನಕ್ಕರು. ನನಗೆ ಮುಖ ಎತ್ತಲಾಗಲಿಲ್ಲ. ಅವರು ತಿಳಿಯದೆ ತಟ್ಟಿದವರು. ನಾನು ತಿಳಿದೂ ತಟ್ಟಿದವನು.

ಆ ಅಮೆರಿಕನ್ ಹುಡುಗರನ್ನು ನಾನು ಹಳಿಯಲಾರೆ. ನಿರಾಶ್ರಿತರ ಚಿತ್ರಗಳನ್ನು ತೆರೆಯ ಮೇಲೆ ತೋರಿಸಿದಾಗ ನನ್ನ ಪಕ್ಕದ ಉದ್ದಗೂದಲಿನವನು ಕಣ್ಣೊರಸಿಕೊಂಡ. ಟಿಕೆಟ್ಟಿನಿಂದ ಬಂದ ಸುಮಾರು 2,43,000 ಡಾಲರ್ ಯುನಿಸೆಫ್‌ಗೆ ಸಂದಿತು. ಧ್ವನಿಮುದ್ರಿಕೆಯ ಹಣ ಮಾತ್ರ ತೆರಿಗೆಯ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಬಿದ್ದಿತು.

ಊರಿಗೆ ಮರಳಿದೆ, ಪೀಣ್ಯದಲ್ಲಿ ಶೆಡ್ಡು ಹಾಕಿದೆ, ಮಗ ಎಲೆಕ್ಟ್ರಾನಿಕ್ ಸಿಟಿಯ ಉದ್ಯೋಗಿಯಾದ. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಮೆಟಾಲಿಕಾ ತಂಡದ ಕಛೇರಿ. ಮಗ ನನ್ನನ್ನೂ ಎಳೆದೊಯ್ದ. ಕೆಸರಿನಲ್ಲಿ ನಿಂತಿದ್ದೆವು. ವೇದಿಕೆಯ ಮೇಲೆ ಯಾರೋ ಸಹಾಯಕ ಬಂದು ಗಿಟಾರಿನ ತಂತಿ ಮೀಟಿ ಪರೀಕ್ಷಿಸಿದ. ಸುತ್ತಲಿನ ಜನ ಆರ್ಭಟಿಸಿ ಚಪ್ಪಾಳೆ ತಟ್ಟಿದರು. ನಾನು ಎರಡೂ ಕೈಗಳನ್ನು ಕೋಟಿನ ಜೇಬಿಗೆ ಸೇರಿಸಿದೆ.

“ಯಾಕಪ್ಪಾ, ಚಳಿ ಆಗ್ತಿದೆಯಾ?” ಎಂದ ಮಗ.