ಕೀಲೆಣ್ಣೆಯಿಂದ ಗ್ರೀಸ್‌ವರೆಗೆ: ಲೋಧಿ ಕಾಲೋನಿಯ ಒಂದು ಹೆರಾಲ್ಡ್ ಕಾರಿನ ಚಕ್ರ

ಹಿಂದಿನ ಮಾತಿನಲ್ಲಿ ಎತ್ತಿನ ಗಾಡಿ ಬಗ್ಗೆ ಹೇಳ್ತಾ ಕೀಲೆಣ್ಣೆ ಹತ್ತಿರ ನಿಲ್ಲಿಸಿದ್ದೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ, ಬಿದಿರಿನ ಗೊಟ್ಟಕ್ಕೆ ತುಂಬಿ ಗಾಡಿ ಕೆಳಗೆ ನೇತುಹಾಕ್ತಿದ್ದರಲ್ಲ, ಅದು. ಇವತ್ತು ಅಲ್ಲಿಂದಲೇ ಮುಂದುವರಿಸೋಣ. ಆದರೆ ಊರು ದೆಹಲಿ, ಜಾಗ ಲೋಧಿ ಕಾಲೋನಿ, ಗಾಡಿ ಸ್ಟ್ಯಾಂಡರ್ಡ್ ಹೆರಾಲ್ಡ್.

ಲೋಧಿ ಕಾಲೋನಿಯನ್ನು ಬ್ರಿಟಿಷರು 1940ರ ದಶಕದಲ್ಲಿ ಸರ್ಕಾರಿ ನೌಕರರಿಗಾಗಿ ಕಟ್ಟಿಸಿದರು. ಹೊಸದೆಹಲಿಯಲ್ಲಿ ಅವರು ಕಟ್ಟಿಸಿದ ಕೊನೆಯ ವಸತಿ ಬಡಾವಣೆ ಇದು. ಈಗ ಜನ ಇಲ್ಲಿಗೆ ಗೋಡೆ ಮೇಲಿನ ದೊಡ್ಡ ದೊಡ್ಡ ಚಿತ್ರ ನೋಡೋಕೆ ಬರ್ತಾರೆ. ನನಗೆ ಮಾತ್ರ ಆ ಎತ್ತರದ ಕಮಾನುಗಳ ಒಳಗಿನ ಅಂಗಳವೇ ಮುಖ್ಯ. ತಂದೆಗೆ ಕೇಂದ್ರ ಸರ್ಕಾರದ ಕೆಲಸ, ನಾವು ಇಲ್ಲಿನ ಕ್ವಾರ್ಟರ್ಸ್‌ನಲ್ಲಿ ಬೆಳೆದವರು. ಕನ್ನಡ ಶಾಲೆ ಪಕ್ಕದ ಲೋಧಿ ಎಸ್ಟೇಟ್‌ನಲ್ಲಿ. ಅಂಗಳದಲ್ಲಿ ಭಾನುವಾರ ಬಂತು ಅಂದರೆ ಯಾರದೋ ಒಂದು ಕಾರು ಜಾಕ್ ಮೇಲೆ ನಿಂತಿರ್ತಿತ್ತು. ಹೊಸ ಕಾರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಾದ ಕಾಲ ಅದು. ಇದ್ದದ್ದನ್ನೇ ಉಳಿಸಿಕೊಳ್ಳಬೇಕು.

ನಮ್ಮದು ಸೆಕೆಂಡ್ ಹ್ಯಾಂಡ್ ಹೆರಾಲ್ಡ್. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್‌ನವರು ಮಾಡುತ್ತಿದ್ದ ಕಾರು. ಬಾನೆಟ್ಟು ರೆಕ್ಕೆಗಳ ಸಮೇತ ಇಡಿಯಾಗಿ ಮುಂದಕ್ಕೆ ಮಗುಚುತ್ತೆ. ಆಮೇಲೆ ಮುಂದಿನ ಟೈರ್ ಮೇಲೇ ಕೂತು ಕೆಲಸ ಮಾಡಬಹುದು. ಮನೆಯಲ್ಲಿ ರಿಪೇರಿ ಮಾಡೋರಿಗೆ ಇದಕ್ಕಿಂತ ಅನುಕೂಲದ ಕಾರು ನಾನಂತೂ ನೋಡಿಲ್ಲ.

ಈಗ ಬೇರಿಂಗ್ ಕಥೆ. ಗಾಡಿ ಚಕ್ರದ ಗುಂಬ ಅಚ್ಚಿನ ಮೇಲೆ ಉಜ್ಜುತ್ತಾ ತಿರುಗುತ್ತೆ, ಉಜ್ಜುವುದನ್ನು ಕಡಿಮೆ ಮಾಡೋಕೆ ಕೀಲೆಣ್ಣೆ. ಉಜ್ಜುವ ಬದಲು ಉರುಳುವಂತೆ ಮಾಡಿದರೆ? ವೇಲ್ಸ್‌ನ ಫಿಲಿಪ್ ವಾನ್ 1794ರಲ್ಲೇ ಗಾಡಿ ಅಚ್ಚಿಗೆ ಗುಂಡು ಕೂರಿಸಿ ಪೇಟೆಂಟ್ ಪಡೆದಿದ್ದ. ಆದರೆ ಚಕ್ರದ ಮೇಲೆ ಬೀಳೋದು ಭಾರ ಒಂದೇ ಅಲ್ಲ. ತಿರುವಿನಲ್ಲಿ ಪಕ್ಕದಿಂದಲೂ ನೂಕುತ್ತೆ. ಇದಕ್ಕೆ ಸರಿಯಾದ ಉತ್ತರ ಕೊಟ್ಟವನು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕುದುರೆ ಗಾಡಿ ಕಟ್ಟುತ್ತಿದ್ದ ಹೆನ್ರಿ ಟಿಮ್ಕೆನ್. 1898ರಲ್ಲಿ ಅವನು ಮತ್ತು ಅವನ ಸೋದರಳಿಯ ಪೇಟೆಂಟ್ ಪಡೆದ ಬೇರಿಂಗ್‌ನಲ್ಲಿ ರೋಲರುಗಳು ಒಂದು ತುದಿಗೆ ಸಣ್ಣಗಾಗುತ್ತವೆ. ಆ ಓರೆಯಿಂದಾಗಿ ಮೇಲಿನ ಭಾರವನ್ನೂ ಪಕ್ಕದ ನೂಕನ್ನೂ ಒಂದೇ ಬೇರಿಂಗ್ ಹೊರುತ್ತೆ. ಇನ್ನೊಂದು ಲಾಭವೂ ಬಂತು, ನನ್ನ ಲೆಕ್ಕದಲ್ಲಿ ಅದೇ ದೊಡ್ಡದು: ಸವೆದರೆ ನಟ್ ತಿರುಗಿಸಿ ಸರಿಮಾಡಬಹುದು. ನಮ್ಮಲ್ಲಿ 1946ರಲ್ಲಿ ಜೈಪುರದಲ್ಲಿ ನ್ಯಾಷನಲ್ ಬೇರಿಂಗ್ ಕಂಪನಿ ಶುರುವಾಯಿತು. ಆಮೇಲೆ ಕಾಶ್ಮೀರಿ ಗೇಟಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಎನ್‌ಬಿಸಿ ಅನ್ನೋ ಮೂರಕ್ಷರ ಎಲ್ಲರಿಗೂ ಪರಿಚಯ.

ಹೆರಾಲ್ಡ್‌ನ ಪ್ರತಿ ಮುಂದಿನ ಚಕ್ರದಲ್ಲೂ ಇಂಥ ಓರೆ ಬೇರಿಂಗ್ ಎರಡಿವೆ. ಮೊನ್ನೆ ಕಾಲೋನಿಯ ಗೆಳೆಯರೊಬ್ಬರ ಅಂಗಳದಲ್ಲಿ ಬಿಚ್ಚಿದೆವು. ಕಾರನ್ನು ಜಾಕ್‌ನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ (ಬರೀ ಜಾಕ್ ನಂಬಬೇಡಿ), ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲೊಟಲೊಟ ಅಂದರೆ ಒಬ್ಬರಿಗೆ ಬ್ರೇಕ್ ಒತ್ತೋಕೆ ಹೇಳಿ. ಅಲ್ಲಾಡೋದು ನಿಂತರೆ ದೋಷ ಬೇರಿಂಗ್‌ನದು. ನಿಲ್ಲದಿದ್ದರೆ ಬಾಲ್ ಜಾಯಿಂಟ್ ಅಥವಾ ಟ್ರನಿಯನ್ ನೋಡಬೇಕು. ಆಮೇಲೆ ಗ್ರೀಸ್ ಮುಚ್ಚಳ, ಸೀಳು ಪಿನ್ನು, ಹಲ್ಲಿನ ನಟ್ಟು, ವಾಷರ್, ಹೀಗೆ ಒಂದೊಂದಾಗಿ ಹೊರಗೆ. ಸೀಮೆಎಣ್ಣೆಯಲ್ಲಿ ತೊಳೆದು ರೋಲರುಗಳನ್ನು ಬಿಸಿಲಿಗೆ ಹಿಡಿಯಿರಿ. ನೀಲಿ ಬಣ್ಣ ಕಂಡರೆ ಕಾದು ಬೆಂದಿದೆ, ಗುಳಿ ಕಂಡರೆ ಸವೆದಿದೆ, ಎರಡಕ್ಕೂ ಹೊಸದೇ ಗತಿ. ಚೆನ್ನಾಗಿದ್ದರೆ ಅಂಗೈಯಲ್ಲಿ ಗ್ರೀಸ್ ಇಟ್ಟು, ಬೇರಿಂಗ್‌ನ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಇನ್ನೊಂದು ಕಡೆಯಿಂದ ಹೊರಬರೋ ತನಕ ತುಂಬಬೇಕು.

ಬಿಗಿ ಮಾಡೋದು ಕಡೆಗೆ. ಚಕ್ರ ತಿರುಗಿಸುತ್ತಲೇ ನಟ್ ಬಿಗಿ ಮಾಡಿ, ರೋಲರುಗಳು ಕೂತ ಮೇಲೆ ಹಿಂದಕ್ಕೆ ಬಿಡಬೇಕು, ಹೆಚ್ಚುಕಡಿಮೆ ನಟ್ಟಿನ ಒಂದು ಮುಖದಷ್ಟು. ಬೆರಳಿಗೆ ತಿಳಿಯುವಷ್ಟು ಸಣ್ಣ ಸಡಿಲ ಉಳಿಯಬೇಕು. "ಬಿಗಿ ಇದ್ದರೆ ಗಟ್ಟಿ" ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಕಾದಾಗ ಲೋಹ ಹಿಗ್ಗುತ್ತೆ, ಜಾಗ ಇಲ್ಲದಿದ್ದರೆ ಬೇರಿಂಗ್ ಹಿಡಿದುಕೊಳ್ಳುತ್ತೆ. ನಟ್ ಅಲ್ಲಾಡದಂತೆ ಹೊಸ ಸೀಳು ಪಿನ್ನು ಹಾಕಿ ಕಾಲು ಮಡಚಬೇಕು. ಹಳೇ ಪಿನ್ನು ಮತ್ತೆ ಬೇಡ. ಇದು ಗಾಡಿಯ ಕಡೆಗೀಲೇ ನೋಡಿ. ಕಡೆಗೀಲಿಲ್ಲದ ಬಂಡಿಯ ಗತಿ ಏನು ಅಂತ ಜೇಡರ ದಾಸಿಮಯ್ಯನ ವಚನವೇ ಇದೆಯಲ್ಲ. ಹಿಂದಿನ ಚಕ್ರ ಬೇರೆ ಕಥೆ, ಪುಲ್ಲರ್ ಇಲ್ಲದೆ ಅದು ಬರೋದೇ ಇಲ್ಲ.

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಕೈ ಇಂದಿರಾ ಗಾಂಧಿಯವರ ಕೈಯಿಂದ ದೆಹಲಿಯವರೊಬ್ಬರಿಗೆ ಸಿಕ್ಕಿತು. ಅದರ ಬೇರಿಂಗ್‌ಗೆ ಹೀಗೆ ಸಡಿಲ ನೋಡಿ ಹೊಂದಿಸೋ ಕೆಲಸ ಇಲ್ಲ. ಹೋದರೆ ಪ್ರೆಸ್‌ನಲ್ಲಿ ಒತ್ತಿ ತೆಗೆದು ಬೇರೆಯದು ಹಾಕೋದು. ಹೆಚ್ಚು ಬಾಳಿಕೆ, ಕಡಿಮೆ ತಲೆನೋವು, ಒಪ್ಪಿಕೊಳ್ಳೋಣ. ಆದರೆ ಅಂಗಳದಲ್ಲಿ ಸ್ಪ್ಯಾನರ್ ಹಿಡಿದು ಕೂರುವವರು ವರ್ಷ ವರ್ಷಕ್ಕೂ ಕಡಿಮೆಯಾದರು.

ಈಗ ಕಾನೂನಿನ ಮಾತು. 15 ವರ್ಷ ದಾಟಿದ ಪೆಟ್ರೋಲ್ ಕಾರು ದೆಹಲಿ ರಸ್ತೆಗೆ ಬರಬಾರದು ಅಂತ 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 50 ವರ್ಷ ದಾಟಿದ್ದಕ್ಕೆ 2021ರ ಕೇಂದ್ರ ನಿಯಮದಲ್ಲಿ ವಿಂಟೇಜ್ ನೋಂದಣಿ ಇದೆ. ನಾನೂ ಅರ್ಜಿ ಹಾಕಿದ್ದೀನಿ, ಕಾಗದ ಓಡಾಡ್ತಾ ಇದೆ. ಸಿಕ್ಕರೂ ದಿನಾ ಓಡಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸೋದು, ರಿಪೇರಿ, ಇಂಥದ್ದಕ್ಕೆ ಮಾತ್ರ. ನಿಂತ ಕಾರಿನ ಗ್ರೀಸ್ ಗಟ್ಟಿಯಾಗುತ್ತೆ, ತೇವ ಸೇರಿ ರೋಲರಿಗೆ ತುಕ್ಕು ಹಿಡಿಯುತ್ತೆ. ಹಾಗಾಗಿ ತಿಂಗಳಿಗೊಮ್ಮೆ ಆ ಚಕ್ರಗಳನ್ನು ಜಾಕ್ ಮೇಲೆತ್ತಿ ಕೈಯಲ್ಲೇ ತಿರುಗಿಸ್ತಾ ಇದ್ದೀನಿ.

ಟ್ರನಿಯನ್‌ಗೆ ಗ್ರೀಸ್ ಅಲ್ಲ, ಎಣ್ಣೆ ಯಾಕೆ ಅನ್ನೋದು ಮುಂದಿನ ಕಂತಿಗೆ.